‘ಅರೈವ್ ಟು’ ಯಾಕೆ ತಪ್ಪು? ಊರು, ಮನೆ, ಸ್ಟೇಷನ್ ತಲುಪಿದ್ದನ್ನು ಇಂಗ್ಲಿಷ್‌ನಲ್ಲಿ ಹೇಳಲು ಸಮಗ್ರ ಮಾರ್ಗದರ್ಶಿ

‘ಐ ಅರೈವ್ಡ್ ಟು ಬೆಂಗಳೂರು.’ ‘ಐ ರೀಚ್ಡ್ ಟು ಹೋಮ್.’ ‘ಐ ಆ್ಯಮ್ ಲೀವಿಂಗ್ ಟು ಮೈಸೂರು.’

ಇಂಥ ವಾಕ್ಯಗಳು ನಮ್ಮ ಆಫೀಸ್ ಮೇಲ್‌ಗಳಲ್ಲಿ, ವಾಟ್ಸಾಪ್‌ನಲ್ಲಿ, ಇಂಟರ್‌ವ್ಯೂಗಳಲ್ಲಿ ದಿನಾ ಬರುತ್ತವೆ. ಮೂರೂ ತಪ್ಪು. ಹಾಗಂತ ಇವನ್ನು ಬರೆದವರಿಗೆ ಇಂಗ್ಲಿಷ್ ಗೊತ್ತಿಲ್ಲ ಅಂತ ಅಲ್ಲ. ಮೂರೂ ಒಂದೇ ಕಡೆಯಿಂದ ಬಂದ ತಪ್ಪು. ಬೆಂಗಳೂರಿಗೆ ಬಂದೆ, ಮನೆಗೆ ಮುಟ್ಟಿದೆ, ಮೈಸೂರಿಗೆ ಹೊರಟೆ ಅನ್ನುವಾಗ ನಾವು ಎಲ್ಲದಕ್ಕೂ ‘ಗೆ’ ಹಚ್ಚುತ್ತೇವೆ. ಇಂಗ್ಲಿಷ್‌ಗೆ ಹೋದಾಗ ಅದೇ ‘ಗೆ’ ಎಲ್ಲ ಕಡೆ ‘ಟು’ ಆಗಿಬಿಡುತ್ತದೆ. ಯೋಚನೆ ಸರಿಯಾಗಿಯೇ ಇದೆ, ಇಂಗ್ಲಿಷ್‌ನ ದಾರಿ ಮಾತ್ರ ಬೇರೆ.

ಇದನ್ನು ಸಾಮಾನ್ಯವಾಗಿ ‘ದೊಡ್ಡ ಜಾಗಕ್ಕೆ ಇನ್, ಚಿಕ್ಕ ಜಾಗಕ್ಕೆ ಅಟ್’ ಅಂತ ಒಂದು ಸಾಲಿನಲ್ಲಿ ಹೇಳಿಕೊಟ್ಟು ಮುಗಿಸುತ್ತಾರೆ. ಆ ಸಾಲು ಅರ್ಧ ಮಾತ್ರ ನಿಜ. ‘ರೀಚ್’ ಬಂದರೆ ಅದು ಕೆಲಸಕ್ಕೇ ಬರುವುದಿಲ್ಲ. ಹಾಗಾಗಿ ಜಾಗದಿಂದ ಶುರು ಮಾಡಬೇಡಿ. ಕ್ರಿಯಾಪದದಿಂದ ಶುರು ಮಾಡಿ.

ಹೆಜ್ಜೆ 1: ಕ್ರಿಯಾಪದಕ್ಕೆ ವಿಭಕ್ತಿ ಹುಡುಕಿ

ಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಸಾಲು ನೆನಪಿದೆ ಅಲ್ವಾ? ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ. ಇದರಲ್ಲಿ ಮೂರೇ ಮೂರು ಇಲ್ಲಿಗೆ ಬೇಕು: ಗೆ, ಅನ್ನು, ಅಲ್ಲಿ. ಸ್ಥಳಕ್ಕೆ ಸಂಬಂಧಪಟ್ಟ ಇಂಗ್ಲಿಷ್ ಕ್ರಿಯಾಪದಗಳು ಹೆಚ್ಚುಕಮ್ಮಿ ಈ ಮೂರು ಗುಂಪಿನಲ್ಲಿ ಕೂರುತ್ತವೆ.

‘ಗೆ’ ಗುಂಪು: ಗೋ, ಕಮ್, ಗೆಟ್, ರಿಟರ್ನ್, ಟ್ರಾವೆಲ್. ಇವಕ್ಕೆ ‘ಟು’ ಬೇಕು. ‘ಶಿ ವೆಂಟ್ ಟು ಹಾಸನ’, ‘ವಿ ಗಾಟ್ ಟು ದ ಸ್ಟೇಷನ್ ಅಟ್ ಸಿಕ್ಸ್’, ‘ಹಿ ರಿಟರ್ನ್ಡ್ ಟು ಧಾರವಾಡ’. ಕನ್ನಡದ ಅಭ್ಯಾಸಕ್ಕೆ ಹೊಂದುವ ಗುಂಪು ಇದು, ಇಲ್ಲಿ ತಪ್ಪುವವರು ಕಮ್ಮಿ.

‘ಅನ್ನು’ ಗುಂಪು: ರೀಚ್, ವಿಸಿಟ್, ಎಂಟರ್, ಅಪ್ರೋಚ್. ಇವಕ್ಕೆ ಏನೂ ಬೇಡ. ಕ್ರಿಯಾಪದ ಆದ ಕೂಡಲೇ ಜಾಗದ ಹೆಸರು. ‘ಮೈಸೂರನ್ನು ತಲುಪಿದೆವು’ ಅಂತ ಪೇಪರ್‌ನಲ್ಲಿ ಬರೆಯುತ್ತಾರಲ್ಲ, ‘ರೀಚ್’ ನಡೆದುಕೊಳ್ಳುವುದು ಥೇಟ್ ಹಾಗೆಯೇ: ‘ವಿ ರೀಚ್ಡ್ ಮೈಸೂರು’. ಮಾತಿನಲ್ಲಿ ನಾವು ಆ ‘ಅನ್ನು’ವನ್ನೂ ಬಿಟ್ಟು ‘ಮೈಸೂರು ತಲುಪಿದ್ವಿ’ ಅನ್ನುತ್ತೇವೆ. ಎರಡಕ್ಕೂ ಇಂಗ್ಲಿಷ್ ಒಂದೇ.

‘ಅಲ್ಲಿ’ ಗುಂಪು: ಅರೈವ್, ಲ್ಯಾಂಡ್, ಸ್ಟಾಪ್. ಇವಕ್ಕೆ ‘ಅಟ್’, ‘ಇನ್’, ‘ಆನ್’ ಈ ಮೂರರಲ್ಲಿ ಒಂದು ಬರುತ್ತದೆ. ‘ಟು’ ಬರುವುದಿಲ್ಲ.

ಮೂರನೆಯ ಗುಂಪೇ ನಮ್ಮನ್ನು ಜಾಸ್ತಿ ಕಾಡುವುದು. ಯಾಕೆಂದರೆ ಕನ್ನಡದಲ್ಲಿ ‘ಬೆಂಗಳೂರಿನಲ್ಲಿ ಬಂದೆ’ ಅಂತ ಯಾರೂ ಅನ್ನುವುದಿಲ್ಲ. ಆದರೆ ‘ವಿಮಾನ ಬೆಂಗಳೂರಿನಲ್ಲಿ ಇಳಿಯಿತು’ ಅನ್ನುತ್ತೇವೆ. ‘ಅರೈವ್’ ಕೇಳಿದಾಗ ‘ಬಂದೆ’ ಬದಲು ‘ಇಳಿದೆ’ ಅಂತ ಮನಸ್ಸಿನಲ್ಲಿ ಅಂದುಕೊಳ್ಳಿ. ಬೆಂಗಳೂರಿನಲ್ಲಿ ಇಳಿದೆ, ಸ್ಟೇಷನ್‌ನಲ್ಲಿ ಇಳಿದೆ, ದ್ವೀಪದಲ್ಲಿ ಇಳಿದೆ. ‘ಗೆ’ ತಾನಾಗಿಯೇ ಜಾರಿ ಹೋಗುತ್ತದೆ.

ಎರಡನೆಯ ಗುಂಪಿನಲ್ಲಿ ‘ವಿಸಿಟ್’ ಬಗ್ಗೆ ಒಂದು ಮಾತು. ‘ಹಂಪಿಗೆ ಭೇಟಿ ಕೊಟ್ಟೆ’ ಅಂತ ಯೋಚಿಸಿದರೆ ‘ವಿಸಿಟೆಡ್ ಟು ಹಂಪಿ’ ಬಂದೇ ಬರುತ್ತದೆ. ‘ಹಂಪಿಯನ್ನು ನೋಡಿದೆ’ ಅಂತ ಯೋಚಿಸಿ, ‘ಐ ವಿಸಿಟೆಡ್ ಹಂಪಿ’ ಬರುತ್ತದೆ. ಆದರೆ ‘ವಿಸಿಟ್’ ನಾಮಪದ ಆದಾಗ ‘ಟು’ ಬೇಕೇ ಬೇಕು: ‘ಮೈ ಫಸ್ಟ್ ವಿಸಿಟ್ ಟು ಹಂಪಿ’. ಎರಡನ್ನೂ ಕೇಳಿ ಕೇಳಿ ಗೊಂದಲ ಆಗುವುದು ಸಹಜ.

ಹೆಜ್ಜೆ 2: ‘ಅರೈವ್’ ಬಂದರೆ ‘ಐ ಆ್ಯಮ್’ ಹಾಕಿ ನೋಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಆ ಜಾಗ ಮುಟ್ಟಿದ ಮೇಲೆ ಯಾರಾದರೂ ಫೋನ್ ಮಾಡಿ ‘ಎಲ್ಲಿದ್ದೀಯ?’ ಅಂತ ಕೇಳಿದರೆ ಇಂಗ್ಲಿಷ್‌ನಲ್ಲಿ ಏನು ಹೇಳುತ್ತೀರಿ? ಆ ಉತ್ತರದಲ್ಲಿ ಯಾವ ಪ್ರಿಪೊಸಿಷನ್ ಇದೆಯೋ ಅದೇ ‘ಅರೈವ್’ ಜೊತೆಗೂ ಬರುತ್ತದೆ.

‘ಐ ಆ್ಯಮ್ ಅಟ್ ದ ಏರ್‌ಪೋರ್ಟ್’ ಅನ್ನುತ್ತೀರಿ. ಹಾಗಾದರೆ ‘ಐ ಅರೈವ್ಡ್ ಅಟ್ ದ ಏರ್‌ಪೋರ್ಟ್’.
‘ಐ ಆ್ಯಮ್ ಇನ್ ಹುಬ್ಬಳ್ಳಿ’. ಹಾಗಾದರೆ ‘ಐ ಅರೈವ್ಡ್ ಇನ್ ಹುಬ್ಬಳ್ಳಿ’.
‘ಐ ಆ್ಯಮ್ ಅಟ್ ಮೈ ಅಂಕಲ್ಸ್ ಪ್ಲೇಸ್’. ಹಾಗಾದರೆ ‘ಐ ಅರೈವ್ಡ್ ಅಟ್ ಮೈ ಅಂಕಲ್ಸ್ ಪ್ಲೇಸ್’.
‘ಐ ಆ್ಯಮ್ ಹಿಯರ್’. ಹಾಗಾದರೆ ‘ಐ ಅರೈವ್ಡ್ ಹಿಯರ್’, ನಡುವೆ ಏನೂ ಇಲ್ಲ.

ಈ ಪರೀಕ್ಷೆ ಯಾಕೆ ಕೆಲಸ ಮಾಡುತ್ತದೆ ಅಂದರೆ, ‘ಅರೈವ್’ ಹೇಳುವುದು ದಾರಿಯನ್ನಲ್ಲ. ಪ್ರಯಾಣ ಮುಗಿದು ನೀವು ಈಗ ಅಲ್ಲಿದ್ದೀರಿ ಅನ್ನುವುದನ್ನು. ‘ಐ ಆ್ಯಮ್ ಟು ಬೆಂಗಳೂರು’ ಅಂತ ಯಾರೂ ಹೇಳುವುದಿಲ್ಲ. ಹಾಗೆಯೇ ‘ಅರೈವ್ಡ್ ಟು ಬೆಂಗಳೂರು’ ಕೂಡ ಇಲ್ಲ.

‘ಅರೈವ್ ಟು’ ಅಂತ ನೀವು ಎಲ್ಲೋ ಓದಿರಬಹುದು. ‘ವಿ ಅರೈವ್ಡ್ ಟು ಫೈಂಡ್ ದ ಹಾಲ್ ಎಂಪ್ಟಿ’ ಅನ್ನುವ ವಾಕ್ಯ ಪೂರ್ತಿ ಸರಿ. ಆ ‘ಟು’ ಮುಂದಿನ ಕ್ರಿಯಾಪದ ‘ಫೈಂಡ್’ಗೆ ಸೇರಿದ್ದು, ಜಾಗಕ್ಕಲ್ಲ. ಹೋಗಿ ನೋಡಿದರೆ ಹಾಲ್ ಖಾಲಿ ಇತ್ತು ಅಂತ ಅರ್ಥ. ‘ಟು’ ಆದ ಮೇಲೆ ಜಾಗದ ಹೆಸರು ಇದೆಯಾ, ಕ್ರಿಯಾಪದ ಇದೆಯಾ ಅಂತ ನೋಡಿದರೆ ಸಾಕು. ಇನ್ನು ಇಂಗ್ಲೆಂಡ್‌ನ ರೈಲುಗಳಲ್ಲಿ ‘ಅರೈವಿಂಗ್ ಇಂಟು’ ಅಂತ ಅನೌನ್ಸ್ ಮಾಡುವುದುಂಟು. ಅದು ರೈಲು ನಿಲ್ದಾಣದೊಳಗೆ ಬರುತ್ತಿದೆ ಅನ್ನುವ ಸಾರಿಗೆಯವರ ಮಾತು. ನಮ್ಮ ಬಗ್ಗೆ ಹೇಳಿಕೊಳ್ಳುವಾಗ ಅದು ಬೇಡ.

ಹೆಜ್ಜೆ 3: ‘ಅಟ್’ ಅಥವಾ ‘ಇನ್’?

ದೇಶ, ರಾಜ್ಯ, ನಗರಕ್ಕೆ ‘ಇನ್’. ಕಟ್ಟಡ, ನಿಲ್ದಾಣ, ಗೇಟು, ಸರ್ಕಲ್, ಕಾರ್ಯಕ್ರಮಕ್ಕೆ ‘ಅಟ್’. ಇದು ನೂರಕ್ಕೆ ತೊಂಬತ್ತು ಸಲ ಸರಿ ಹೋಗುತ್ತದೆ. ‘ಅರೈವ್ಡ್ ಇನ್ ಕೆನಡಾ’, ‘ಅರೈವ್ಡ್ ಇನ್ ಬೆಳಗಾವಿ’, ‘ಅರೈವ್ಡ್ ಅಟ್ ದ ಬಸ್ ಸ್ಟ್ಯಾಂಡ್’, ‘ಅರೈವ್ಡ್ ಅಟ್ ದ ವೆಡ್ಡಿಂಗ್’, ‘ಅರೈವ್ಡ್ ಅಟ್ ದ ಮೀಟಿಂಗ್’. ಮದುವೆ, ಮೀಟಿಂಗ್ ಜಾಗಗಳೇ ಅಲ್ಲದಿದ್ದರೂ ಇಂಗ್ಲಿಷ್ ಅವನ್ನು ಜಾಗದ ಹಾಗೆಯೇ ನೋಡುತ್ತದೆ.

ಆದರೆ ಇಲ್ಲಿ ಗಾತ್ರ ಮುಖ್ಯವಲ್ಲ, ನೋಟ ಮುಖ್ಯ. ಕೆಂಪೇಗೌಡ ವಿಮಾನ ನಿಲ್ದಾಣ ಎಷ್ಟೋ ಹಳ್ಳಿಗಳಿಗಿಂತ ದೊಡ್ಡದು. ಆದರೂ ಅದಕ್ಕೆ ‘ಅಟ್’. ಯಾಕೆಂದರೆ ವಿಮಾನ ನಿಲ್ದಾಣವನ್ನು ನಾವು ಪ್ರಯಾಣದಲ್ಲಿ ಬರುವ ಒಂದು ಬಿಂದುವಿನ ಹಾಗೆ ನೋಡುತ್ತೇವೆ. ಅಲ್ಲಿ ವಾಸ ಮಾಡುವುದಿಲ್ಲ, ದಾಟಿ ಹೋಗುತ್ತೇವೆ. ಪುಟ್ಟ ಊರಾದರೂ ಜನ ಇರುವ, ಓಡಾಡುವ ಜಾಗ ಅಂತ ನೋಡಿದರೆ ‘ಇನ್’ ಬರುತ್ತದೆ.

ಒಂದೇ ಊರಿಗೆ ಎರಡೂ ಬರುವುದು ಹೀಗೆ. ಅರಸೀಕೆರೆಯನ್ನೇ ತೆಗೆದುಕೊಳ್ಳಿ. ಅದು ಊರೂ ಹೌದು, ರೈಲ್ವೆ ಜಂಕ್ಷನ್ನೂ ಹೌದು. ‘ದ ಟ್ರೇನ್ ಅರೈವ್ಡ್ ಅಟ್ ಅರಸೀಕೆರೆ’ ಅಂದರೆ ದಾರಿಯಲ್ಲಿ ಬರುವ ಒಂದು ನಿಲ್ದಾಣವಾಗಿ ಅರಸೀಕೆರೆ ಕಾಣುತ್ತಿದೆ. ‘ಮೈ ಗ್ರ್ಯಾಂಡ್‌ಫಾದರ್ ಅರೈವ್ಡ್ ಇನ್ ಅರಸೀಕೆರೆ ಆ್ಯಸ್ ಎ ಯಂಗ್ ಟೀಚರ್’ ಅಂದರೆ ತಾತ ಆ ಊರಿಗೆ ಬಂದು ನೆಲೆ ನಿಂತರು ಅನ್ನುವ ಭಾವ ಬರುತ್ತದೆ. ಎರಡೂ ವ್ಯಾಕರಣಕ್ಕೆ ಸರಿ, ಕಾಣುವ ಚಿತ್ರ ಮಾತ್ರ ಬೇರೆ. ರೈಲಿನ ವೇಳಾಪಟ್ಟಿ ಬಗ್ಗೆ ಮಾತಾಡುವಾಗ ದೊಡ್ಡ ನಗರಕ್ಕೂ ‘ಅಟ್’ ಬರುವುದು ಈ ಕಾರಣಕ್ಕೇ.

ಬಡಾವಣೆಗಳೂ ಹಾಗೆಯೇ. ‘ಇನ್ ಜಯನಗರ’, ‘ಇನ್ ಮಲ್ಲೇಶ್ವರ’ ಅಂತಲೇ ಸಾಮಾನ್ಯ. ಬಸ್ ಸ್ಟಾಪ್ ಮನಸ್ಸಿನಲ್ಲಿದ್ದರೆ ‘ಅಟ್’. ‘ಗೆಟ್ ಆಫ್ ಅಟ್ ಜಯನಗರ ಫೋರ್ತ್ ಬ್ಲಾಕ್’ ಅಂತ ಕಂಡಕ್ಟರ್ ಹೇಳಿದರೆ ಅದು ಇಳಿಯುವ ಬಿಂದು.

ಅನುಮಾನ ಬಂದರೆ ಊರಿಗೆ ‘ಇನ್’ ಹಾಕಿ. ಯಾರೂ ತಪ್ಪು ಅನ್ನುವುದಿಲ್ಲ. ದೇಶಕ್ಕೆ ಮಾತ್ರ ಎಂದೂ ‘ಅಟ್’ ಹಾಕಬೇಡಿ. ‘ಅರೈವ್ಡ್ ಅಟ್ ಇಂಡಿಯಾ’ ಕಿವಿಗೆ ತಕ್ಷಣ ಚುಚ್ಚುತ್ತದೆ.

ಜಾಗ ಚಿಕ್ಕದು, ದೊಡ್ಡದು ಎರಡೂ ಒಂದೇ ವಾಕ್ಯದಲ್ಲಿ ಬಂದಾಗ ಎರಡು ಪ್ರಿಪೊಸಿಷನ್‌ಗಳೂ ಜೊತೆಗೇ ಬರುತ್ತವೆ. ದಕ್ಷಿಣ ಆಫ್ರಿಕಾದಿಂದ ಗಾಂಧೀಜಿ ಮರಳಿದ್ದನ್ನು ಹೀಗೆ ಹೇಳಬಹುದು: ‘ಗಾಂಧಿ ಅರೈವ್ಡ್ ಅಟ್ ಅಪೋಲೋ ಬಂದರ್ ಇನ್ ಬಾಂಬೆ ಆನ್ 9 ಜನವರಿ 1915’. ಹಡಗುಕಟ್ಟೆಗೆ ‘ಅಟ್’, ನಗರಕ್ಕೆ ‘ಇನ್’, ತಾರೀಖಿಗೆ ‘ಆನ್’. ಈ ಒಂದು ವಾಕ್ಯ ಬಾಯಿಗೆ ಬಂದರೆ ಮೂರೂ ನೆನಪಿನಲ್ಲಿ ಉಳಿಯುತ್ತವೆ. ಮಕ್ಕಳಿಗೆ ಹೇಳಿಕೊಡುವಾಗ ನಿಯಮದ ಬದಲು ಇಂಥ ಒಂದು ವಾಕ್ಯ ಕೊಡುವುದೇ ಒಳ್ಳೆಯದು ಅಂತ ನನ್ನ ನಂಬಿಕೆ.

ತೀರ್ಮಾನಕ್ಕೆ ಬರುವುದು, ಒಪ್ಪಂದಕ್ಕೆ ಬರುವುದು ಇವೆಲ್ಲ ಯಾವಾಗಲೂ ‘ಅಟ್’: ‘ಅರೈವ್ಡ್ ಅಟ್ ಎ ಡಿಸಿಷನ್’, ‘ಅರೈವ್ಡ್ ಅಟ್ ಎ ಕನ್‌ಕ್ಲೂಷನ್’. ಆದರೆ ‘ಕೇಮ್’ ಬಳಸಿದರೆ ಮತ್ತೆ ‘ಟು’: ‘ಕೇಮ್ ಟು ಎ ಡಿಸಿಷನ್’. ‘ರೀಚ್’ ಬಳಸಿದರೆ ಏನೂ ಇಲ್ಲ: ‘ರೀಚ್ಡ್ ಎ ಡಿಸಿಷನ್’. ನೋಡಿ, ಜಾಗ ಇಲ್ಲದ ಕಡೆಯೂ ಕ್ರಿಯಾಪದವೇ ನಿರ್ಧಾರ ಮಾಡುತ್ತಿದೆ.

ಹೆಜ್ಜೆ 4: ‘ಆನ್’ ಎಲ್ಲಿ ಬರುತ್ತದೆ

ಕಾಲಿಟ್ಟು ನಿಲ್ಲುವ ಮೇಲ್ಮೈ ಮನಸ್ಸಿನಲ್ಲಿದ್ದರೆ ‘ಆನ್’. ರೈಲು ‘ಆನ್ ಪ್ಲಾಟ್‌ಫಾರ್ಮ್ ನಂಬರ್ ಫೈವ್’ ಬರುತ್ತದೆ, ನಮ್ಮ ಸ್ಟೇಷನ್‌ಗಳ ಅನೌನ್ಸ್‌ಮೆಂಟ್‌ನಲ್ಲಿ ಕೇಳಿಯೇ ಇರುತ್ತೀರಿ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದರೆ ‘ಅರೈವ್ಡ್ ಆನ್ ದ ಐಲ್ಯಾಂಡ್’. ಅದೇ ಶ್ರೀಲಂಕಾ ಕೂಡ ದ್ವೀಪವಾದರೂ ದೇಶ ಅಂತ ನೋಡುವುದರಿಂದ ‘ಇನ್ ಶ್ರೀಲಂಕಾ’.

ಇಸ್ರೋದ ಚಂದ್ರಯಾನ-3 ಇಲ್ಲಿ ಒಳ್ಳೆಯ ಉದಾಹರಣೆ. ಅದು 2023ರ ಆಗಸ್ಟ್ 5ರಂದು ಚಂದ್ರನ ಕಕ್ಷೆ ಸೇರಿತು, ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿಯಿತು. ಇಂಗ್ಲಿಷ್‌ನಲ್ಲಿ: ‘ಚಂದ್ರಯಾನ-3 ಎಂಟರ್ಡ್ ಲೂನಾರ್ ಆರ್ಬಿಟ್ ಆನ್ 5 ಆಗಸ್ಟ್ ಅಂಡ್ ಲ್ಯಾಂಡೆಡ್ ಆನ್ ದ ಮೂನ್ ಆನ್ 23 ಆಗಸ್ಟ್’. ‘ಎಂಟರ್’ ಆದ ಮೇಲೆ ಏನೂ ಇಲ್ಲ, ಅದು ‘ಅನ್ನು’ ಗುಂಪು. ‘ಲ್ಯಾಂಡ್’ ಆದ ಮೇಲೆ ‘ಆನ್’, ಅದು ‘ಅಲ್ಲಿ’ ಗುಂಪು. ವಿಮಾನ ಆದರೆ ‘ಲ್ಯಾಂಡೆಡ್ ಅಟ್ ದ ಏರ್‌ಪೋರ್ಟ್’ ಅಥವಾ ‘ಲ್ಯಾಂಡೆಡ್ ಇನ್ ಮಂಗಳೂರು’.

ಹೆಜ್ಜೆ 5: ಮನೆ, ಇಲ್ಲಿ, ಅಲ್ಲಿ, ಪರದೇಶ

ಹೋಮ್, ಹಿಯರ್, ದೇರ್, ಅಬ್ರಾಡ್. ಈ ನಾಲ್ಕರ ಮುಂದೆ ‘ಟು’ ಹಾಕಬೇಡಿ, ಕ್ರಿಯಾಪದ ಯಾವುದೇ ಇರಲಿ. ‘ಕೇಮ್ ಹೋಮ್’, ‘ಗಾಟ್ ಹೋಮ್’, ‘ರೀಚ್ಡ್ ಹೋಮ್’, ‘ಅರೈವ್ಡ್ ಹೋಮ್’. ‘ಕಮ್ ಹಿಯರ್’. ‘ಗೆಟ್ ದೇರ್’. ‘ವೆಂಟ್ ಅಬ್ರಾಡ್’.

ಯಾಕೆ ಅಂದರೆ ‘ಇಲ್ಲಿಗೆ’, ‘ಅಲ್ಲಿಗೆ’, ‘ಮನೆಗೆ’ ಅನ್ನುವ ಅರ್ಥ ಆ ಪದಗಳ ಒಳಗೇ ಇದೆ. ‘ಗೆ’ ಸೇರಿಸಿಯೇ ಮಾಡಿದ ಪದ ಅಂತ ತಿಳಿದುಕೊಳ್ಳಿ. ಇನ್ನೊಂದು ‘ಟು’ ಹಾಕಿದರೆ ‘ಮನೆಗೆಗೆ’ ಅಂದ ಹಾಗೆ.

ಆದರೆ ‘ಹೋಮ್’ ಹಿಂದೆ ಯಾರ ಮನೆ ಅಂತ ಬಂದ ತಕ್ಷಣ ಅದು ಮಾಮೂಲಿ ನಾಮಪದ ಆಗುತ್ತದೆ, ಆಗ ಪ್ರಿಪೊಸಿಷನ್ ವಾಪಸ್ ಬರುತ್ತದೆ: ‘ಪ್ಲೀಸ್ ಕಮ್ ಟು ಅವರ್ ಹೋಮ್’, ‘ವಿ ಅರೈವ್ಡ್ ಅಟ್ ದೇರ್ ಹೋಮ್’. ‘ಹೌಸ್’ಗಂತೂ ಯಾವಾಗಲೂ ಬೇಕು: ‘ಕಮ್ ಟು ದ ಹೌಸ್’. ‘ಫ್ರಮ್’ ಮಾತ್ರ ಎಲ್ಲದರ ಜೊತೆಗೂ ಹೊಂದುತ್ತದೆ: ‘ಫ್ರಮ್ ಹೋಮ್’, ‘ಫ್ರಮ್ ಹಿಯರ್’, ‘ಫ್ರಮ್ ಅಬ್ರಾಡ್’.

ಹೆಜ್ಜೆ 6: ‘ರೀಚ್ಡ್’ ಒಂದನ್ನೇ ಹೇಳಬಹುದಾ?

‘ರೀಚ್ಡ್?’ ‘ರೀಚ್ಡ್.’ ನಮ್ಮ ಫೋನ್‌ಗಳಲ್ಲಿ ಅಮ್ಮಂದಿರಿಗೂ ಮಕ್ಕಳಿಗೂ ನಡುವೆ ಎಷ್ಟು ಓಡಾಡುವ ಪದ ಇದು! ಭಾರತದ ಒಳಗೆ ಇದು ಎಲ್ಲರಿಗೂ ಅರ್ಥವಾಗುತ್ತದೆ, ಬಿಡಬೇಕಾದ ಅಗತ್ಯವಿಲ್ಲ. ಆದರೆ ಇಂಗ್ಲೆಂಡ್, ಅಮೆರಿಕದವರ ಇಂಗ್ಲಿಷ್‌ನಲ್ಲಿ ‘ರೀಚ್’ ಆದ ಮೇಲೆ ಜಾಗದ ಹೆಸರು ಬೇಕು. ‘ಐ ರೀಚ್ಡ್’ ಅಂತ ನಿಲ್ಲಿಸಿದರೆ ಅವರು ‘ಏನನ್ನು?’ ಅಂತ ಕಾಯುತ್ತಾರೆ. ‘ಅನ್ನು’ ಗುಂಪು ಅಂತ ಹೇಳಿದ್ದು ಇದಕ್ಕೇ, ಆ ‘ಅನ್ನು’ ಇಲ್ಲದೆ ಅರ್ಥ ಪೂರ್ತಿ ಆಗುವುದಿಲ್ಲ.

ಅಲ್ಲಿನವರ ಜೊತೆ ಮಾತಾಡುವಾಗ ‘ಐ ಹ್ಯಾವ್ ಅರೈವ್ಡ್’, ‘ಐ ಗಾಟ್ ಹೋಮ್ ಸೇಫ್ಲಿ’, ‘ಐ ಆ್ಯಮ್ ಹಿಯರ್’ ಇವುಗಳಲ್ಲಿ ಒಂದು ಬಳಸಿ. ‘ಎಲ್ಲಿಗೆ ಬಂದ್ರಿ?’ ಅಂತ ದಾರಿಯಲ್ಲಿರುವವರನ್ನು ಕೇಳಲು ನಾವು ‘ವೇರ್ ಡಿಡ್ ಯೂ ರೀಚ್?’ ಅನ್ನುತ್ತೇವೆ. ಇದರ ಬದಲು ‘ವೇರ್ ಆರ್ ಯೂ ನೌ?’ ಸಾಕು. ‘ಹೌ ಫಾರ್ ಹ್ಯಾವ್ ಯೂ ಗಾಟ್?’ ಅಂದರೂ ಆಯಿತು.

ಮಾತಿನ ಇಂಗ್ಲಿಷ್‌ನಲ್ಲಿ ‘ಅರೈವ್’ಗಿಂತ ‘ಗೆಟ್’ ಜಾಸ್ತಿ ಓಡುತ್ತದೆ ಅನ್ನುವುದೂ ಗೊತ್ತಿರಲಿ. ‘ವಾಟ್ ಟೈಮ್ ಡಿಡ್ ಯೂ ಗೆಟ್ ದೇರ್?’ ಅನ್ನುವುದು ಸಲೀಸು. ‘ಅರೈವ್’ಗೆ ಸ್ವಲ್ಪ ಬರವಣಿಗೆಯ ಗತ್ತು ಇದೆ, ಟಿಕೆಟ್, ಅರ್ಜಿ, ವೀಸಾ ಫಾರ್ಮ್, ಆಫೀಸ್ ಮೇಲ್‌ಗಳಿಗೆ ಅದು ಸರಿ. ‘ಗೆಟ್ ಟು’ ಬಳಸಿದರೆ ‘ಅಟ್’ ಅಥವಾ ‘ಇನ್’ ಅನ್ನುವ ಪ್ರಶ್ನೆಯೇ ಬರುವುದಿಲ್ಲ, ಹೆಜ್ಜೆ 5ರ ಹೋಮ್, ಹಿಯರ್, ದೇರ್ ಥರದ ಪದಗಳನ್ನು ಬಿಟ್ಟರೆ ಎಲ್ಲ ಜಾಗಕ್ಕೂ ‘ಟು’. ನಮ್ಮ ‘ಗೆ’ ಅಭ್ಯಾಸಕ್ಕೂ ಹೊಂದುತ್ತದೆ. ಮಾತಾಡುವಾಗ ತಡವರಿಸುವವರಿಗೆ ನನ್ನ ಸಲಹೆ, ಮೊದಲು ‘ಗೆಟ್ ಟು’ ಚೆನ್ನಾಗಿ ರೂಢಿ ಮಾಡಿಕೊಳ್ಳಿ.

ಹೆಜ್ಜೆ 7: ಹೊರಡುವುದು, ಹತ್ತುವುದು, ಇಳಿಯುವುದು

ಮೈಸೂರಿಗೆ ಹೊರಟೆ ಅನ್ನಲು ‘ಲೀವಿಂಗ್ ಫಾರ್ ಮೈಸೂರು’. ‘ಲೀವಿಂಗ್ ಟು’ ಇಲ್ಲ. ‘ಫಾರ್’ ತೆಗೆದರೆ ಅರ್ಥವೇ ತಿರುಗುತ್ತದೆ: ‘ಐ ಆ್ಯಮ್ ಲೀವಿಂಗ್ ಮೈಸೂರು’ ಅಂದರೆ ಮೈಸೂರನ್ನು ಬಿಟ್ಟು ಹೊರಟಿದ್ದೇನೆ ಅಂತ. ಕಾಯುತ್ತಿರುವವರಿಗೆ ಈ ಮೆಸೇಜ್ ಕಳಿಸಿದರೆ ಪೂರ್ತಿ ಉಲ್ಟಾ ತಿಳಿದುಕೊಳ್ಳುತ್ತಾರೆ, ಹುಷಾರು. ಎರಡೂ ಊರು ಹೇಳಬೇಕಾದರೆ ‘ಲೀವಿಂಗ್ ಬೆಂಗಳೂರು ಫಾರ್ ಮೈಸೂರು’.

ಬಸ್, ರೈಲು, ವಿಮಾನಕ್ಕೆ ‘ಗೆಟ್ ಆನ್’, ‘ಗೆಟ್ ಆಫ್’. ಕಾರು, ಆಟೋಗೆ ‘ಗೆಟ್ ಇನ್’, ‘ಗೆಟ್ ಔಟ್ ಆಫ್’. ಒಳಗೆ ಎದ್ದು ಓಡಾಡುವಂಥ ಗಾಡಿಗೆ ‘ಆನ್’, ಬಗ್ಗಿ ಕೂರುವಂಥದ್ದಕ್ಕೆ ‘ಇನ್’ ಅಂತ ಇಟ್ಟುಕೊಂಡರೆ ಸಾಕು. ‘ಬೈ ಬಸ್’, ‘ಬೈ ಟ್ರೇನ್’ ಅನ್ನುವಾಗ ನಡುವೆ ‘ದ’ ಬೇಡ.

ಕ್ಯಾಬ್ ಡ್ರೈವರ್‌ಗೆ ಎಲ್ಲಿ ನಿಂತಿದ್ದೀರಿ ಅಂತ ಹೇಳುವಾಗಲೂ ‘ಟು’ ಸುಮ್ನೆ ನುಗ್ಗುತ್ತದೆ. ಬ್ಯಾಂಕಿನ ಎದುರಿಗೆ ಅಂದರೆ ‘ಆಪೋಸಿಟ್ ದ ಬ್ಯಾಂಕ್’, ‘ಆಪೋಸಿಟ್ ಟು’ ಅಲ್ಲ. ದೇವಸ್ಥಾನದ ಹತ್ತಿರ ಅಂದರೆ ‘ನಿಯರ್ ದ ಟೆಂಪಲ್’. ಪಕ್ಕಕ್ಕೆ ಮಾತ್ರ ‘ಟು’ ಬೇಕು: ‘ನೆಕ್ಸ್ಟ್ ಟು ದ ಟೆಂಪಲ್’.

ಹೆಜ್ಜೆ 8: ಯಾವಾಗ ತಲುಪುತ್ತೀರಿ

ಜಾಗದ ಪ್ರಿಪೊಸಿಷನ್ ಸರಿ ಮಾಡಿಕೊಂಡು ಸಮಯದ ಹತ್ತಿರ ಎಡವುವವರು ಬಹಳ. ಗಡಿಯಾರದ ಸಮಯಕ್ಕೆ ‘ಅಟ್’, ವಾರ ಮತ್ತು ತಾರೀಖಿಗೆ ‘ಆನ್’, ತಿಂಗಳು ಮತ್ತು ವರ್ಷಕ್ಕೆ ‘ಇನ್’. ಬೆಳಿಗ್ಗೆ ಅಂದರೆ ‘ಇನ್ ದ ಮಾರ್ನಿಂಗ್’, ಆದರೆ ‘ಆನ್ ಮಂಡೇ ಮಾರ್ನಿಂಗ್’, ರಾತ್ರಿ ಅಂದರೆ ‘ಅಟ್ ನೈಟ್’. ಟುಮಾರೋ, ಲಾಸ್ಟ್ ಮಂಡೇ, ನೆಕ್ಸ್ಟ್ ವೀಕ್, ದಿಸ್ ಈವ್ನಿಂಗ್ ಇವಕ್ಕೆ ಏನೂ ಬೇಡ.

‘ಆರು ಗಂಟೆ ಒಳಗೆ’ ಅನ್ನಲು ‘ಬೈ ಸಿಕ್ಸ್’. ಐದೂವರೆಗೆ ಬಂದರೂ ಸರಿ, ಆರು ದಾಟುವುದಿಲ್ಲ ಅಂತ. ‘ಟಿಲ್ ಸಿಕ್ಸ್’ ಅಂದರೆ ಆರರವರೆಗೂ ಒಂದು ಕೆಲಸ ನಡೆಯುತ್ತಲೇ ಇರುತ್ತದೆ. ‘ಐ ವಿಲ್ ಬಿ ದೇರ್ ಬೈ ಸಿಕ್ಸ್’ ಮತ್ತು ‘ಐ ವಿಲ್ ಬಿ ದೇರ್ ಟಿಲ್ ಸಿಕ್ಸ್’ ಎರಡೂ ಸರಿಯಾದ ವಾಕ್ಯಗಳೇ. ಮೊದಲನೆಯದು ಬರುವ ಸಮಯ ಹೇಳುತ್ತದೆ, ಎರಡನೆಯದು ಹೋಗುವ ಸಮಯ. ಯಾರನ್ನಾದರೂ ಕಾಯಿಸುವ ಮುಂಚೆ ಇದನ್ನು ಸರಿಯಾಗಿ ತಿಳಿದುಕೊಳ್ಳಿ.

‘ಇನ್ನು ಹತ್ತು ನಿಮಿಷಕ್ಕೆ ಬರ್ತೀನಿ’ ಅನ್ನುವುದಕ್ಕೆ ‘ಇನ್ ಟೆನ್ ಮಿನಿಟ್ಸ್’. ನಾವು ‘ಹತ್ತು ನಿಮಿಷ ಬಿಟ್ಟು’ ಅಂತ ಯೋಚಿಸಿ ‘ಆಫ್ಟರ್ ಟೆನ್ ಮಿನಿಟ್ಸ್’ ಅನ್ನುತ್ತೇವೆ. ಕೇಳುವವರಿಗೆ ಹತ್ತು ನಿಮಿಷ ಆದ ಮೇಲೆ ಯಾವಾಗಲೋ ಅಂತ ಕೇಳಿಸಬಹುದು. ‘ಆಫ್ಟರ್’ ಹಿಂದೆ ನಡೆದದ್ದನ್ನು ಹೇಳುವಾಗ ಚೆನ್ನಾಗಿ ಹೊಂದುತ್ತದೆ: ‘ಹಿ ಅರೈವ್ಡ್ ಆಫ್ಟರ್ ಟೆನ್ ಮಿನಿಟ್ಸ್’.

‘ಆನ್ ಟೈಮ್’ ಅಂದರೆ ಹೇಳಿದ ಸಮಯಕ್ಕೆ ಸರಿಯಾಗಿ. ‘ಇನ್ ಟೈಮ್’ ಅಂದರೆ ಕೆಲಸ ಕೆಡುವ ಮುಂಚೆ. ರೈಲು ‘ಆನ್ ಟೈಮ್’ ಬಂತು. ಆಂಬುಲೆನ್ಸ್ ‘ಇನ್ ಟೈಮ್’ ಬಂತು.

ಈಗ ಒಂದು ಮೇಲ್ ಬರೆಯೋಣ

ಧಾರವಾಡದ ಹುಡುಗಿಯೊಬ್ಬಳು ಓದಲು ಮ್ಯಾಂಚೆಸ್ಟರ್‌ಗೆ ಹೋಗುತ್ತಿದ್ದಾಳೆ, ಹಾಸ್ಟೆಲ್‌ನವರಿಗೆ ಮೇಲ್ ಬರೆಯಬೇಕು ಅಂದುಕೊಳ್ಳಿ. ‘ಗೆ’ ಹಿಡಿದುಕೊಂಡೇ ಬರೆದರೆ ಅದು ಹೀಗಿರುತ್ತದೆ:

‘ಐ ಆ್ಯಮ್ ಲೀವಿಂಗ್ ಟು ಮ್ಯಾಂಚೆಸ್ಟರ್ ಆನ್ ಫ್ರೈಡೇ. ಐ ವಿಲ್ ಅರೈವ್ ಟು ಮ್ಯಾಂಚೆಸ್ಟರ್ ಏರ್‌ಪೋರ್ಟ್ ಆನ್ ಸ್ಯಾಟರ್ಡೇ ಮಾರ್ನಿಂಗ್ ಸೆವೆನ್ ಓ ಕ್ಲಾಕ್. ಫ್ರಮ್ ದೇರ್ ಐ ವಿಲ್ ಟೇಕ್ ಎ ಟ್ಯಾಕ್ಸಿ ಅಂಡ್ ರೀಚ್ ಟು ದ ಹಾಸ್ಟೆಲ್ ಟಿಲ್ ಟೆನ್. ಆಫ್ಟರ್ ರೀಚಿಂಗ್ ಐ ವಿಲ್ ಕಾಲ್ ಯೂ.’

ಒಂದೊಂದೇ ಸಾಲು ತೆಗೆದುಕೊಳ್ಳೋಣ. ಮೊದಲನೆಯದರಲ್ಲಿ ಹೊರಡುವ ಮಾತಿದೆ, ‘ಟು’ ಬದಲು ‘ಫಾರ್’ ಬೇಕು. ‘ಆನ್ ಫ್ರೈಡೇ’ ಸರಿ ಇದೆ, ಬಿಡಿ. ಎರಡನೆಯದರಲ್ಲಿ ‘ಅರೈವ್’ ಇದೆ. ಆ ಹುಡುಗಿ ಇಳಿದ ಮೇಲೆ ‘ಐ ಆ್ಯಮ್ ಅಟ್ ದ ಏರ್‌ಪೋರ್ಟ್’ ಅನ್ನುತ್ತಾಳೆ, ಹಾಗಾಗಿ ‘ಅಟ್’. ಗಂಟೆಗೂ ಒಂದು ‘ಅಟ್’ ಬೇಕಿತ್ತು, ಅದು ಬಿಟ್ಟು ಹೋಗಿದೆ. ಇಂಗ್ಲಿಷ್‌ನಲ್ಲಿ ಗಂಟೆ ಮೊದಲು, ದಿನ ಆಮೇಲೆ ಬಂದರೆ ಓದಲು ಸರಾಗ. ಮೂರನೆಯದರಲ್ಲಿ ‘ರೀಚ್’ ಇದೆ, ‘ಟು’ ತೆಗೆಯಿರಿ, ‘ಟಿಲ್’ ಹೋಗಿ ‘ಬೈ’ ಬರಲಿ. ಕೊನೆಯದರಲ್ಲಿ ‘ರೀಚಿಂಗ್’ ಒಂಟಿಯಾಗಿದೆ. ಮ್ಯಾಂಚೆಸ್ಟರ್‌ನವರಿಗೆ ಬರೆಯುತ್ತಿರುವುದರಿಂದ ಅದನ್ನು ಬದಲಾಯಿಸೋಣ.

‘ಐ ಆ್ಯಮ್ ಲೀವಿಂಗ್ ಫಾರ್ ಮ್ಯಾಂಚೆಸ್ಟರ್ ಆನ್ ಫ್ರೈಡೇ. ಐ ವಿಲ್ ಅರೈವ್ ಅಟ್ ಮ್ಯಾಂಚೆಸ್ಟರ್ ಏರ್‌ಪೋರ್ಟ್ ಅಟ್ ಸೆವೆನ್ ಓ ಕ್ಲಾಕ್ ಆನ್ ಸ್ಯಾಟರ್ಡೇ ಮಾರ್ನಿಂಗ್. ಫ್ರಮ್ ದೇರ್ ಐ ವಿಲ್ ಟೇಕ್ ಎ ಟ್ಯಾಕ್ಸಿ ಅಂಡ್ ಶುಡ್ ರೀಚ್ ದ ಹಾಸ್ಟೆಲ್ ಬೈ ಟೆನ್. ಐ ವಿಲ್ ಕಾಲ್ ಯೂ ವೆನ್ ಐ ಗೆಟ್ ದೇರ್.’

ಕೊನೆಯ ಸಾಲಿನಲ್ಲಿ ‘ವೆನ್ ಐ ವಿಲ್ ಗೆಟ್ ದೇರ್’ ಅಂತ ಬರೆಯಲಿಲ್ಲ, ಗಮನಿಸಿ. ‘ತಲುಪಿದಾಗ’ ಅನ್ನುವ ಭಾಗದಲ್ಲಿ ‘ವಿಲ್’ ಬರುವುದಿಲ್ಲ.

ನೀವೇ ತಿದ್ದಿ ನೋಡಿ

ಪೆನ್ನು ಹಿಡಿದು ಈ ಆರು ವಾಕ್ಯಗಳನ್ನು ತಿದ್ದಿ. ಉತ್ತರ ಕೆಳಗಿದೆ, ಮೊದಲೇ ನೋಡಬೇಡಿ.

1. ‘ವಿ ರೀಚ್ಡ್ ಟು ಗೋಕರ್ಣ ಅಟ್ ನೈಟ್.’
2. ‘ವೆನ್ ಡಿಡ್ ಯೂ ಅರೈವ್ ಟು ಇಂಡಿಯಾ?’
3. ‘ಮೈ ಬ್ರದರ್ ವೆಂಟ್ ಟು ಅಬ್ರಾಡ್.’
4. ‘ದೇ ಅರೈವ್ಡ್ ಅಟ್ ಹಿಯರ್ ಆನ್ ಲಾಸ್ಟ್ ಸಂಡೇ.’
5. ‘ದ ಗೆಸ್ಟ್ಸ್ ಅರೈವ್ಡ್ ಟು ದ ವೆಡ್ಡಿಂಗ್ ಹಾಲ್ ಬೈ ದ ಬಸ್.’
6. ‘ಐ ಗಾಟ್ ದ ಸ್ಟೇಷನ್ ಅಟ್ ಸಿಕ್ಸ್.’

ಒಂದರಲ್ಲಿ ‘ಟು’ ತೆಗೆಯಿರಿ, ‘ರೀಚ್ಡ್ ಗೋಕರ್ಣ’. ‘ಅಟ್ ನೈಟ್’ ಸರಿಯಾಗಿಯೇ ಇತ್ತು. ಎರಡರಲ್ಲಿ ದೇಶ ಇದೆ, ‘ಅರೈವ್ ಇನ್ ಇಂಡಿಯಾ’. ಮೂರರಲ್ಲಿ ‘ವೆಂಟ್ ಅಬ್ರಾಡ್’. ನಾಲ್ಕರಲ್ಲಿ ಎರಡು ತಪ್ಪು: ‘ಹಿಯರ್’ ಮುಂದೆ ‘ಅಟ್’ ಬೇಡ, ‘ಲಾಸ್ಟ್ ಸಂಡೇ’ ಮುಂದೆ ‘ಆನ್’ ಬೇಡ. ‘ದೇ ಅರೈವ್ಡ್ ಹಿಯರ್ ಲಾಸ್ಟ್ ಸಂಡೇ’ ಅಂದರೆ ಸಾಕು. ಐದರಲ್ಲಿ ‘ಅರೈವ್ಡ್ ಅಟ್ ದ ವೆಡ್ಡಿಂಗ್ ಹಾಲ್ ಬೈ ಬಸ್’. ಆರರಲ್ಲಿ ‘ಟು’ ಬೇಕೇ ಬೇಕಾದ ಕಡೆ ಬಿಟ್ಟು ಹೋಗಿದೆ: ‘ಐ ಗಾಟ್ ಟು ದ ಸ್ಟೇಷನ್ ಅಟ್ ಸಿಕ್ಸ್’. ‘ಟು’ ಇಲ್ಲದಿದ್ದರೆ ಆರು ಗಂಟೆಗೆ ನನಗೆ ಸ್ಟೇಷನ್ ಸಿಕ್ಕಿತು, ನನ್ನದಾಯಿತು ಅಂತ ಆಗುತ್ತದೆ.